ಸೋರದ ಸೂರು

ಅವನೇ ಹೊದಿಸಿದ್ದು ಈ ಸೂರು.
ಹದಿನೇಳು ದಿನ, ನೂರೆಂಬತ್ತು ಹೊರೆ ಹುಲ್ಲು,
ಗಳುವಿಗೆ ಗಳು ಬಿಗಿದ ತಾಳೆನಾರಿನ ಗಂಟು.
ಮೇಲೆ ಕೂತು ಒಂದು ಮಾತೂ ಆಡಲಿಲ್ಲ ಅವನು,
ಕೆಳಗೆ ನಿಂತು ನಾನೂ.
ನೀರು ಕೇಳಿದ; ಕೊಟ್ಟೆ.
ಲೋಟ ಆಮೇಲೆ ಎರಡು ಸಲ ತೊಳೆದೆ.

ಅದಕ್ಕೂ ಮೊದಲು ಚಾಪೆ ಹಾಸಿದ್ದರು.
ನಮ್ಮ ಬೆಟ್ಟದಲ್ಲಿ ಹಾಗೆ: ದೊಡ್ಡ ಜಗಳಕ್ಕೆ ದೊಡ್ಡ ಚಾಪೆ,
ಬಿಚ್ಚಿದ್ದನ್ನು ಮಾತು ಮುಗಿಯದೆ ಸುತ್ತುವ ಹಾಗಿಲ್ಲ.
ಮೂಲೆಯಲ್ಲಿ ಎಲೆ, ಅಡಿಕೆ, ಬಿದಿರ ಅಂಡೆಯಲ್ಲಿ ಸುಣ್ಣ.
ಮಾತಿನೊಡೆಯ ಮುದುಕ ಹಳೆಯ ನುಡಿಯಲ್ಲಿ
ಸತ್ತ ಅಜ್ಜಂದಿರ ಹೆಸರು ಒಂದೊಂದೇ ಕೂಗಿ ಕೂರಿಸಿದ.
ಡಿಲಿಯಿಂದ ಬಂದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ,
ತೊಡೆಯ ಮೇಲೆ ಫಾರಂ.

ವೆನಾನ್ಸಿಯೊ ಎದ್ದು ನಿಂತ.
ನನ್ನ ಮಗನ ಜ್ಞಾನಸ್ನಾನಕ್ಕೆ
ಮೇಣದ ಬತ್ತಿ ಹಿಡಿದ ವೆನಾನ್ಸಿಯೊ.
ಮತ ಎಣಿಸಿದ ವಾರ ಅದೇ ಕೈಯಲ್ಲಿ ಪಂಜು.
ಮೂರು ಮನೆ ಸುಟ್ಟೆ, ಅಂದ.
ಎರಡು ಎಮ್ಮೆ ಗಡಿಯಾಚೆ ಹೊಡೆದೆ.
ಸುಡು ಅಂದವರು ಯಾರು?
ಅವರ ಜೀಪು ಎಮ್ಮೆಗಿಂತ ಮೊದಲೇ ದಾಟಿತ್ತು.

ನಾನು ಕೈ ಎತ್ತಿದೆ.
ಲಾರಿ? ಅಂದೆ.
ನನ್ನ ಅಗಪಿತೊನನ್ನು ಹತ್ತಿಸಿಕೊಂಡ ಲಾರಿ?
ಮಗನಿಗೆಂದು ಅರ್ಧ ಕೆತ್ತಿದ ಬುಗುರಿ
ಕೈಯಲ್ಲೇ ಹಿಡಿದು ಹತ್ತಿದ ಅವನು, ಅದು ಎಲ್ಲಿ?

ಫಾರಂ ಹುಡುಗಿ ಮೆತ್ತಗೆ ಹೇಳಿದಳು:
ಸುಟ್ಟದ್ದು, ಕದ್ದದ್ದು, ಬಡಿದದ್ದು ಈ ಚಾಪೆಗೆ.
ಕೊಂದದ್ದು ಇಲ್ಲಿಗಲ್ಲ ಅಮ್ಮಾ, ಅದು ದೊಡ್ಡದು,
ಅದಕ್ಕೆ ಡಿಲಿಯಲ್ಲಿ ಬೇರೆ ಕೋರ್ಟು.
ಚಾಪೆ ನೋಡಿದೆ. ಅಂಗಳದಷ್ಟು ಅಗಲ.
ಇಡೀ ಊರು ಕೂತಿತ್ತು ಅದರ ಮೇಲೆ.
ಒಬ್ಬನಿಗೆ ಜಾಗ ಇರಲಿಲ್ಲ.

ಬರೆದರು: ಒಂದು ಹಂದಿ, ನೆಯ್ದ ವಸ್ತ್ರ ಒಂದು,
ಈ ಸೂರು.
ಅವನು ಎಲೆ ಮಡಿಸಿ ಕೊಟ್ಟ, ನಾನು ಅಗಿದೆ.
ಊರೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು.
ಉಗಿದದ್ದು ಕೆಂಪಗಿತ್ತು;
ಎಲೆ ತಿಂದವರಿಗೆಲ್ಲ ಹಾಗೇ ಬರುವುದು.
ಹೆಬ್ಬೆಟ್ಟು ಒತ್ತಿದೆ.
ಚಾಪೆ ಸುತ್ತಿದರು.

ಡಿಲಿಯ ಕೋರ್ಟು ಬಾಗಿಲು ಹಾಕಿತು ಅಂತ
ರೇಡಿಯೊದಲ್ಲಿ ಕೇಳಿದೆ, ಜೋಳ ಬಿಡಿಸುತ್ತಾ.
ಬಿಡಿಸುತ್ತಲೇ ಇದ್ದೆ.

ಸುಳ್ಳು ಹೇಳಬಾರದು, ಹಂದಿ ರುಚಿಯಾಗಿತ್ತು.
ಅವನ ಮೊಮ್ಮಕ್ಕಳು, ನನ್ನ ಮೊಮ್ಮಕ್ಕಳು
ಒಂದೇ ಛತ್ರಿಯಡಿ ಶಾಲೆಗೆ ಹೋಗುತ್ತಾರೆ.
ಬಾವಿಯ ಹತ್ತಿರ ಅವನ ಹೆಂಡತಿ ಕೊಡ ಎತ್ತುತ್ತಾಳೆ,
ನಾನು ತಲೆ ಒಡ್ಡುತ್ತೇನೆ.
ಇದಕ್ಕೆ ಡಿಲಿಯವರದೊಂದು ದೊಡ್ಡ ಪದ ಇದೆ,
ನನ್ನ ಬಾಯಿಗೆ ಹಿಡಿಸುವುದಿಲ್ಲ.

ಆದರೆ ಮಳೆ.
ಬೆಟ್ಟವನ್ನೇ ಎತ್ತಿ ಒಗೆಯುವ ಡಿಸೆಂಬರಿನ ಮಳೆ
ರಾತ್ರಿಯಿಡೀ ಬಡಿದರೂ
ಒಂದು ಹನಿ ಒಳಗೆ ಬೀಳುವುದಿಲ್ಲ.
ಅಂಗಾತ ಮಲಗಿ ನೋಡುತ್ತೇನೆ.
ಎಲ್ಲಾದರೂ ಒಂದು ಕಡೆ ಸೋರಬಾರದೇ,
ಕೆಳಗೊಂದು ಪಾತ್ರೆ ಇಟ್ಟು
ಬೆಳಗಿನ ತನಕ ಅವನನ್ನು ಬಯ್ಯಬಾರದೇ.
ಎಷ್ಟು ಚೆನ್ನಾಗಿ ಕಟ್ಟಿದ್ದಾನೆ, ಪಾಪಿ.
ಗಂಟುಗಂಟಿನಲ್ಲೂ ಏನನ್ನೋ ಬಿಗಿದಿಟ್ಟಿದ್ದಾನೆ.

ಮೊನ್ನೆ ಬಂದ, ಹತ್ತು ವರ್ಷದ ಮೇಲೆ, ಕರೆಯದೇ.
ಹುಲ್ಲು ಬದಲಿಸುವ ಕಾಲ ಆಯಿತು, ಅಂದ.
ಬರೆದದ್ದರಲ್ಲಿ ಇದು ಇಲ್ಲ, ಅಂದೆ.
ಗೊತ್ತು, ಅಂದ.
ಏಣಿ ಹಾಕಿದ. ನಾನು ಬುಡ ಹಿಡಿದೆ.
ಅರ್ಧ ಹಳೇ ಹುಲ್ಲು ಕಿತ್ತೆಸೆದ ಮೇಲೆ
ಇಳಿಯುತ್ತಾ ಮೂರನೇ ಮೆಟ್ಟಿಲಲ್ಲಿ ನಿಂತು
ಹುಲ್ಲಿಗೆ ಹೇಳಿದ ಹಾಗೆ ಹೇಳಿದ:
ಹೊಳೆ ತಿರುಗುವಲ್ಲಿ, ಹುಣಸೆಮರದ ಮೂಡಲಿಗೆ.
ಅಗೆದವನು ನಾನಲ್ಲ.
ಕಂದೀಲು ಹಿಡಿದಿದ್ದೆ.

ಕೈ ಬಿಟ್ಟಿದ್ದರೆ ಬೀಳುತ್ತಿದ್ದ.
ಬಿಡಲಿಲ್ಲ.
ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು,
ನನ್ನ ಹಾಸಿಗೆಯ ಮೇಲೆ ಸೂರು ಅರ್ಧ ಬಯಲು.
ಹುಲ್ಲು ಅಲ್ಲೇ ಬಿಡು, ಅಂದೆ.
ಇಳಿ.
ಗುದ್ದಲಿ ಬಾಗಿಲ ಹಿಂದಿದೆ.